ಕೆಂಪು ಅಬ್ಬಿ: ಕೆಮ್ಮಣ್ಣುಗುಂಡಿ ತಪ್ಪಲಿನ ಒಂದು ನೀರಿನ ಪ್ರಕರಣ

ಕಳೆದ ವರ್ಷ ಜನವರಿಯ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದ. ಎರಡು ಲೀಟರಿನ ಬಾಟಲಿಯೊಂದನ್ನು ಜೀಪಿನ ಪಕ್ಕದ ಸೀಟಿನಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ತಂದಿದ್ದ. ಲಿಂಗದಹಳ್ಳಿ ಕಡೆಯಿಂದ ಕಲ್ಲತ್ತಿಗಿರಿಗೆ ಏರುವ ದಾರಿಯ ಆಸುಪಾಸಿನಲ್ಲಿ ಅವನದೊಂದು ಕಾಫಿ ತೋಟವಿದೆ, ಅದರೊಳಗೆ ನಾಲ್ಕು ಕೋಣೆಯ ಹೋಮ್‌ಸ್ಟೇ. "ಬೆಳಿಗ್ಗೆ ಏಳಕ್ಕೆ ಹಿಡಿದಾಗ ಗಾಜಿನ ಹಾಗಿತ್ತು ಸಾರ್, ಈಗ ನೋಡಿ" ಅಂದ. ಗಂಟೆ ಹನ್ನೊಂದಾಗಿತ್ತು. ನೀರು ಕಲಕಿದ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಇಟ್ಟಿಗೆ ಪುಡಿಯಂಥ ಗಸಿ.

ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ಖುಷಿ ಇತ್ತು. ಯುರೋಪಿನ ಕಾರ್ಲೊವಿ ವಾರಿ ಸುತ್ತಿ ಬಂದಿದ್ದ ಬೆಂಗಳೂರಿನ ಅತಿಥಿಯೊಬ್ಬರು ಈ ನೀರಿನ ಬಣ್ಣ ನೋಡಿ, ರುಚಿ ನೋಡಿ, "ಇದು ಮಿನರಲ್ ಸ್ಪ್ರಿಂಗ್, ನೀವು ಚಿನ್ನದ ಮೇಲೆ ಕೂತಿದ್ದೀರಿ" ಅಂದು ಹೋಗಿದ್ದರಂತೆ. ಗುಡ್ಡದ ಮೇಲಿನ ಸಣ್ಣ ಊರು, ತಂಪು ಗಾಳಿ, ಖನಿಜ ನೀರಿನ ಸ್ನಾನ, ಬೆಳಿಗ್ಗೆ ಒಂದು ಲೋಟ ಕುಡಿತ. ಯೋಜನೆ ಆಗಲೇ ಸಿದ್ಧವಾಗಿತ್ತು, ಬೋರ್ಡೂ ಪ್ರಿಂಟಾಗಿತ್ತು. ನನ್ನಿಂದ ಬೇಕಾಗಿದ್ದದ್ದು ಕೆಮಿಸ್ಟ್ರಿ ಮೇಷ್ಟರ ಒಂದು "ಹೌದು" ಮಾತ್ರ.

ಹೌದು ಅನ್ನಲು ಕಾರಣಗಳೇನೂ ಕಡಿಮೆ ಇರಲಿಲ್ಲ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ. 1434 ಮೀಟರ್ ಎತ್ತರದ ಈ ಜಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ಬಿಡಾರವಾಗಿತ್ತು; ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು ಬಂದದ್ದು ಹಾಗೆ. ಅರಸರಿಗೆ ಅಲ್ಲಿಯ ತಂಪು ಬೇಕಿತ್ತು, ಅವರ ಸಂಸ್ಥಾನಕ್ಕೆ ಅಲ್ಲಿಯ ಮಣ್ಣು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಗುಡ್ಡದಿಂದಲೇ, ರೋಪ್‌ವೇಯ ತೊಟ್ಟಿಲುಗಳಲ್ಲಿ ತಪ್ಪಲಿಗೆ ಇಳಿದು. ಬಾಬಾಬುಡನ್ ಸಾಲಿನ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಅಂಥ ಕಲ್ಲಿನ ಸಂದಿಯಲ್ಲಿ ಇಳಿದು ಬಂದ ನೀರಿನಲ್ಲಿ ಕಬ್ಬಿಣ ಇದ್ದರೆ ಅದೇನು ಸೋಜಿಗವಲ್ಲ.

ಯುರೋಪಿನ ಹೋಲಿಕೆಯೂ ತೀರಾ ಹುಸಿಯಲ್ಲ. ನಾವು ಇಂದು ಬ್ಯೂಟಿ ಪಾರ್ಲರಿನ ಪಕ್ಕದ ಕೋಣೆಗೂ "ಸ್ಪಾ" ಅನ್ನುತ್ತೇವಲ್ಲ, ಆ ಹೆಸರಿನ ನಿಜವಾದ ಊರು ಬೆಲ್ಜಿಯಂನ ಆರ್ಡೆನ್ ಗುಡ್ಡಗಳಲ್ಲಿದೆ. ಅಲ್ಲಿನ ಬುಗ್ಗೆಗಳ ಹೆಗ್ಗಳಿಕೆ ಕಬ್ಬಿಣದ ನೀರೇ. ರಷ್ಯಾದ ದೊರೆ ಪೀಟರ್ 1717ರಲ್ಲಿ ಅಲ್ಲಿಗೆ ಹೋಗಿ ಕುಡಿದು ಬಂದಿದ್ದ. 2021ರಲ್ಲಿ ಯುನೆಸ್ಕೋ ಯುರೋಪಿನ ಇಂಥ 11 ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪಾ ಅದರಲ್ಲಿದೆ, ಅತಿಥಿ ನೋಡಿ ಬಂದ ಕಾರ್ಲೊವಿ ವಾರಿಯೂ ಇದೆ. ಆದರೆ ಕಾರ್ಲೊವಿ ವಾರಿಯ ಮುಖ್ಯ ಬುಗ್ಗೆ ಚಿಮ್ಮುವುದು ಸುಮಾರು 73 ಡಿಗ್ರಿ ಬಿಸಿಯಲ್ಲಿ, ಭೂಮಿಯ ಆಳದಿಂದ. ನಮ್ಮ ಚಂದ್ರದ್ರೋಣದ, ಅಂದರೆ ಇದೇ ಬಾಬಾಬುಡನ್ ಸಾಲಿನ, ಅಬ್ಬಿ (ಬಂಡೆಯ ಮೇಲಿಂದ ಬೀಳುವ ಒರತೆ) ನೀರು ತಣ್ಣಗೆ ಹಲ್ಲು ಜುಮ್ಮೆನಿಸುವಂಥದ್ದು. ಬಿಸಿ ನೀರ ಬುಗ್ಗೆ ನೋಡಬೇಕೆಂದರೆ ನಾವು ಘಟ್ಟ ಇಳಿದು ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥಕ್ಕೇ ಹೋಗಬೇಕು. ಇದನ್ನೆಲ್ಲ ಹೇಳಿದೆ. "ಬಿಸಿ ಮಾಡ್ಕೊಳ್ಳೋದು ದೊಡ್ಡದಲ್ಲ ಸಾರ್, ಬಚ್ಚಲ ಹಂಡೆ ಇದೆಯಲ್ಲ" ಅಂದ. ಉತ್ತರ ಹೊಳೆಯಲಿಲ್ಲ.

ಮೊದಲ ತಪ್ಪು ನನ್ನದು, ಅದನ್ನು ಬರೆದೇ ಮುಂದೆ ಹೋಗಬೇಕು.

ಅವನು ಅದಾಗಲೇ ಒಂದು ಲ್ಯಾಬಿಗೆ ನೀರು ಕೊಟ್ಟು ವರದಿ ತರಿಸಿದ್ದ. ಕಬ್ಬಿಣ ಮಿತಿಯೊಳಗೇ ಇದೆ ಎಂದು ಅದರಲ್ಲಿತ್ತು. ನಾನು ವರದಿ ನಂಬಿದೆ. ನೀರಿನಲ್ಲಿ ಕಬ್ಬಿಣ ಇಲ್ಲ, ಬಣ್ಣ ಮಾತ್ರ ಇದೆ ಎಂದರೆ ತುಕ್ಕು ಹಿಡಿದ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಕೆಲಸವೇ ಸರಿ. ಪೈಪು ಬದಲಿಸು ಎಂದೆ. "ಜಿಐ ಎಲ್ಲಿ ಬಂತು ಸಾರ್? ಹೋದ ವರ್ಷವೇ ಪೂರ್ತಿ ಕಪ್ಪು ಪ್ಲಾಸ್ಟಿಕ್ ಪೈಪ್ ಎಳೆಸಿದ್ದೀನಿ. ಬುಗ್ಗೆಯಿಂದ ಮನೆವರೆಗೆ ಒಂದು ಕಬ್ಬಿಣದ ಮೊಳೆ ಇಲ್ಲ." ಆಮೇಲೆ ಬಾಟಲಿ ನೋಡಿದೆ, ವರದಿ ನೋಡಿದೆ, ನಾಚಿಕೆಯಾಯಿತು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದು ತಕ್ಷಣ ಹೊಳೆಯಬೇಕಿತ್ತು. ನೆಲದೊಳಗೆ ಗಾಳಿ ಸಿಗದ ನೀರಿನಲ್ಲಿ ಕಬ್ಬಿಣ ಕರಗಿ, ಬಣ್ಣವಿಲ್ಲದೆ ಇರುತ್ತದೆ. ಗಾಳಿ ತಗುಲಿದರೆ ಆಮ್ಲಜನಕ ಸೇರಿ, ಕರಗದ ತುಕ್ಕಾಗಿ ತಳಕ್ಕೆ ಕೂರುತ್ತದೆ. ಹಿಡಿದ ಕೂಡಲೇ ನಾಲ್ಕು ಹನಿ ನೈಟ್ರಿಕ್ ಆಮ್ಲ ಹಾಕಿದರೆ ಮಾತ್ರ ಕಬ್ಬಿಣ ಕರಗಿದ ಸ್ಥಿತಿಯಲ್ಲೇ ಲ್ಯಾಬು ಮುಟ್ಟುತ್ತದೆ. ಇವನು ಆಮ್ಲ ಹಾಕಿರಲಿಲ್ಲ, ಹಾಕಿ ಎಂದು ಯಾರೂ ಹೇಳಿರಲಿಲ್ಲ. ಎರಡು ದಿನ ಮೇಜಿನ ಮೇಲೆ ಕೂತ ಬಾಟಲಿಯ ಮೇಲಿನ ತಿಳಿಯನ್ನಷ್ಟೇ ಪರೀಕ್ಷಿಸಿದ್ದರೆ, ಕಬ್ಬಿಣ ಬಾಟಲಿಯ ತಳದಲ್ಲೇ ಉಳಿದಿರುತ್ತದೆ.

ಫೆಬ್ರವರಿಯ ಮೊದಲ ವಾರ ತೋಟಕ್ಕೆ ಹೋದೆ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು, ಕಣದಲ್ಲಿ ಹಣ್ಣು ಒಣಗುತ್ತಿತ್ತು. ಬಚ್ಚಲುಗಳನ್ನು ನೋಡಿದೆ. ಬಿಳಿ ಟೈಲ್ಸಿನ ಮೇಲೆ ನಲ್ಲಿಯಿಂದ ಕೆಳಕ್ಕೆ ಹುಲಿ ಬಾಲದ ಹಾಗೆ ಕಂದು ಗೆರೆ. ಹಾಸಿಗೆಯ ಬಟ್ಟೆಗಳೆಲ್ಲ ಹಳದಿ. ಮನೆಯಾಕೆ ಕಲೆ ಹೋಗಲಿ ಎಂದು ಬ್ಲೀಚಿಂಗ್ ಹಾಕಿ ಹಾಕಿ ಕಲೆಯನ್ನು ಶಾಶ್ವತ ಮಾಡಿಬಿಟ್ಟಿದ್ದರು. ಕ್ಲೋರಿನ್ ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸಿ ದಾರದೊಳಕ್ಕೆ ಕೂರಿಸುತ್ತದೆ. ತುಕ್ಕಿನ ಕಲೆಗೆ ನಿಂಬೆಹಣ್ಣು, ಉಪ್ಪು, ಬಿಸಿಲೇ ಮದ್ದು. ಅಡುಗೆಮನೆಯಲ್ಲಿ ಇನ್ನೊಂದು ದೂರು: "ಟೀ ಕಪ್ಪಗಾಗುತ್ತೆ, ಅತಿಥಿಗಳು ಪಾತ್ರೆ ತೊಳೆದಿಲ್ಲ ಅಂದುಕೊಳ್ತಾರೆ." ಇದು ನನಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಟೀಯ ಒಗರು ಕಬ್ಬಿಣದ ಜೊತೆ ಸೇರಿದರೆ ಆಗುವುದು ಶಾಯಿ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಯುರೋಪಿನ ವೈದ್ಯರೂ ಹಿಂದೆ ಬುಗ್ಗೆಯ ನೀರಿಗೆ ಓಕ್ ಮರದ ಮಾಚಿಕಾಯಿಯ ಪುಡಿ ಹಾಕಿ, ಕಪ್ಪಾದರೆ ಕಬ್ಬಿಣವಿದೆ ಎನ್ನುತ್ತಿದ್ದರು. ನಾನು ಜೇಬಿನಲ್ಲಿ ಅಳಲೆಪುಡಿ ಕಟ್ಟಿಕೊಂಡು ಹೋಗಿದ್ದೆ. ಲೋಟದ ನೀರಿಗೆ ಚಿಟಿಕೆ ಹಾಕಿ ಕಲಕಿಟ್ಟೆ. ಐದಾರು ನಿಮಿಷದಲ್ಲಿ ನೇರಳೆಗಪ್ಪು.

ಹೊಸದಾಗಿ ಕಟ್ಟಿಸಿದ್ದ ಈಜುತೊಟ್ಟಿಯಲ್ಲಿ ಒಂದು ತಮಾಷೆ ಇತ್ತು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಮೋಟರಿನ ಎಣ್ಣೆ ಸೋರಿದೆ ಎಂದು ಮೆಕ್ಯಾನಿಕ್ಕನ್ನು ಎರಡು ಸಲ ಕರೆಸಿದ್ದರಂತೆ. ಕಡ್ಡಿ ತೆಗೆದುಕೊಂಡು ಚುಚ್ಚಿದೆ. ಎಣ್ಣೆಯಾದರೆ ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. ಇದು ಹಪ್ಪಳದ ಹಾಗೆ ಚೂರು ಚೂರಾಗಿ ಒಡೆದು ಹಾಗೇ ತೇಲಿತು. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಮನುಷ್ಯರಿಗೆ ರೋಗ ತರುವ ಜಾತಿಯಲ್ಲ. ಪೈಪಿನೊಳಗೆ ಲೋಳೆ ಕಟ್ಟಿ ವಾಸನೆ ಎಬ್ಬಿಸುತ್ತವೆ, ಅಷ್ಟೆ.

ಇಷ್ಟಾದರೂ ನಿಜವಾದ ಪ್ರಶ್ನೆ ಹಾಗೇ ಉಳಿದಿತ್ತು. ತೋಟ ಅವರ ಅಜ್ಜನ ಕಾಲದ್ದು. ನೀರೂ ಅದೇ ಅಬ್ಬಿಯದು. ಅವನ ತಾಯಿ ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷ ಬಿಳಿ ಪಂಚೆ ಒಗೆದವರು, "ಒಂದು ದಿನ ಕೆಂಪು ನೀರು ಕಂಡಿಲ್ಲ" ಅಂದರು. ಗುಡ್ಡ ಕಳೆದ ವರ್ಷ ಕಬ್ಬಿಣ ಹುಟ್ಟಿಸಿಕೊಂಡಿತೇ?

ಅಬ್ಬಿಯ ಹತ್ತಿರ ಹತ್ತಲು ನಮ್ಮ ಜೊತೆ ಬಂದವರು ತೋಟದಲ್ಲೇ ಬೆಳೆದು ತೋಟದಲ್ಲೇ ಮುದುಕರಾದ ಒಬ್ಬ ಕೆಲಸಗಾರರು. ಮನೆಯವರೆಲ್ಲ ಅಜ್ಜ ಎಂದೇ ಕರೆಯುವುದು. ಮನೆಯಿಂದ ಸುಮಾರು ಇನ್ನೂರು ಮೀಟರ್ ಮೇಲೆ, ಶೋಲಾ ಕಾಡಿನ ಅಂಚು. ಅಲ್ಲಿ ಅಬ್ಬಿಯೇ ಕಾಣಲಿಲ್ಲ. ಜೆಸಿಬಿ ತಂದು ಗುಡ್ಡದ ಮೈಯನ್ನು ಏಳೆಂಟು ಅಡಿ ಒಳಕ್ಕೆ ಬಗೆದು, ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಸ್ಲ್ಯಾಬ್ ಮುಚ್ಚಿ, ಪಕ್ಕದಿಂದ ಪೈಪು ತೆಗೆದಿದ್ದರು. "ನೀರು ಒಂದೂವರೆ ಪಟ್ಟು ಜಾಸ್ತಿಯಾಯ್ತು" ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಅಜ್ಜ ಪಕ್ಕದ ಲಾಂಟಾನದ ಪೊದೆಯೊಳಗೆ ಕೈ ಹಾಕಿ ಏನನ್ನೋ ಎಳೆದರು. ಬೈನೆ ಮರದ ದಂಬೆ, ಅಂದರೆ ಕಾಂಡ ಸೀಳಿ ಒಳಗೆ ತೋಡಿದ ನೀರಿನ ತೆರೆದ ಕೊಳವೆ. ಅರ್ಧ ಕೊಳೆತಿತ್ತು. ಒಳಮೈ ಪೂರ್ತಿ ಕೆಂಪು, ಬೆರಳಲ್ಲಿ ಕೆರೆದರೆ ಉಗುರು ತುಂಬ ಕಾವಿ.

"ಇದು ಯಾವಾಗಿನಿಂದ ಕೆಂಪು?" ಅಂದೆ.

"ದಂಬೆ ಅಂದ್ಮೇಲೆ ಕೆಂಪು ಕಟ್ಟೋದೇ ಅಲ್ವಾ ಸ್ವಾಮಿ" ಎಂದರು ಅಜ್ಜ, ಇದೂ ಒಂದು ಪ್ರಶ್ನೆಯೇ ಎಂಬಂತೆ. "ವರ್ಷಕ್ಕೊಂದ್ಸಲ ಮಳೆಗೆ ಮುಂಚೆ ತಿಕ್ಕೋದು. ಆದ್ರೆ ಪೂರ್ತಿ ತಿಕ್ಕಬಾರ್ದು. ಹೊಸ ದಂಬೆ ಇಟ್ರೆ ಮೊದ್ಲ ಒಂದು ತಿಂಗ್ಳು ನೀರು ಮನೇಲಿ ಕೆಂಪಾಗ್ತದೆ. ಆಮೇಲೆ ದಂಬೆ ಕೆಂಪಾಗ್ತದೆ, ನೀರು ಬೆಳ್ಳಗಾಗ್ತದೆ."

ಇಡೀ ಪ್ರಕರಣ ಆ ಕೊನೆಯ ಮಾತಿನಲ್ಲಿತ್ತು. ಕಬ್ಬಿಣ ಮೊದಲಿನಿಂದಲೂ ಇತ್ತು. ಅದು ಮನೆ ಮುಟ್ಟುತ್ತಿರಲಿಲ್ಲ, ದಾರಿಯಲ್ಲೇ ಇಳಿದುಬಿಡುತ್ತಿತ್ತು. ಅಬ್ಬಿ ಬಂಡೆಯ ಮೇಲಿಂದ ಚದುರಿ ಬಿದ್ದು ದಂಬೆ ಸೇರುವುದು, ದಂಬೆಯಿಂದ ದಂಬೆಗೆ ಹಾರುವುದು, ಇನ್ನೂರು ಮೀಟರ್ ಬಯಲಲ್ಲೇ ಹರಿಯುವುದು, ಕೊನೆಗೆ ಹಿತ್ತಿಲ ಕಲ್ಲುಮರಿಗೆಯಲ್ಲಿ ತಂಗಿ ತಿಳಿಯಾಗುವುದು: ಇದು ದಾರಿ. ನಮ್ಮ ಗುಡ್ಡದ ಒರತೆಗಳ ನೀರು ಸಾಮಾನ್ಯವಾಗಿ ತುಸು ಹುಳಿ, ಒಳಗೆ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹುಳಿ ನೀರಿನಲ್ಲಿ ಕಬ್ಬಿಣಕ್ಕೆ ಗಾಳಿ ತಗುಲಿದರೂ ಅದು ಬೇಗ ತುಕ್ಕಾಗುವುದಿಲ್ಲ, ಗಂಟೆಗಟ್ಟಲೆ ಬೇಕು. ಬಾಟಲಿ ಏಳು ಗಂಟೆಯಿಂದ ಹನ್ನೊಂದರವರೆಗೆ ತೆಗೆದುಕೊಂಡದ್ದು ಅದೇ ಹೊತ್ತು. ದಂಬೆಯಲ್ಲಿ ಹಾರಿ ಬೀಳುವಾಗ ಡೈಆಕ್ಸೈಡ್ ಹೊರಗೆ ಹೋಗಿ ಹುಳಿ ಇಳಿಯುತ್ತದೆ. ಮಿಕ್ಕ ಕೆಲಸ ದಂಬೆಯ ಕೆಂಪು ಲೋಳೆಯದು: ಅದರಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ನಿಮಿಷಗಳಲ್ಲಿ ಹಿಡಿದು ಮೈಗೆ ಕಟ್ಟಿಕೊಳ್ಳುತ್ತವೆ. ಪೂರ್ತಿ ತಿಕ್ಕಬಾರದು ಎಂಬ ಅಜ್ಜನ ನಿಯಮ ಆ ಲೋಳೆಯ ಬೀಜ ಉಳಿಸುವ ನಿಯಮ. ಈಜುತೊಟ್ಟಿಯಲ್ಲಿ ಪೊರೆ ಕಟ್ಟಿ ಮೆಕ್ಯಾನಿಕ್ಕನ್ನು ಓಡಾಡಿಸಿದವೂ ಇವೇ ಜೀವಿಗಳು. ಮನೆಯ ದಾರಿಯಲ್ಲಿದ್ದಾಗ ಚಾಕರಿ ಮಾಡುತ್ತಿದ್ದವು, ಮನೆಯೊಳಗೆ ಸೇರಿಕೊಂಡು ಕಾಟ ಕೊಡುತ್ತಿದ್ದವು.

ಹುಡುಗ ಮಾಡಿದ್ದು ಎರಡು ಕೆಲಸ. ಆಳಕ್ಕೆ ಬಗೆದು, ಗಾಳಿ ಇನ್ನೂ ಕಡಿಮೆಯಿರುವ, ಕಬ್ಬಿಣ ಇನ್ನೂ ಹೆಚ್ಚಿರುವ ನೀರಿಗೆ ಕೈ ಹಾಕಿದ. ಆ ನೀರನ್ನು ಮುಚ್ಚಿದ ಪೈಪಿನಲ್ಲಿ ಗಾಳಿ ಸೋಕದಂತೆ ನೇರ ಬಚ್ಚಲಿಗೆ ತಂದ. ಖನಿಜದ ಬುಗ್ಗೆ ಸಿಕ್ಕಿದ್ದಲ್ಲ. ಸೋಸುವ ಯಂತ್ರವನ್ನು ಕಿತ್ತು ಪೊದೆಗೆ ಎಸೆದಿದ್ದರು, ಅದು ಯಂತ್ರ ಎಂದು ಗೊತ್ತಿಲ್ಲದೆ.

ಇದನ್ನು ಕೇಳಿ ಅವನ ಮುಖ ಸಣ್ಣಗಾಯಿತು, ಆದರೆ ಸೋಲಲಿಲ್ಲ. "ಹೇಗೇ ಬಂದಿರಲಿ ಸಾರ್, ಈಗ ಕಬ್ಬಿಣ ಇರೋದು ನಿಜ ತಾನೆ? ಬೆಲ್ಜಿಯಂನವರು ಕುಡೀಬಹುದಾದ್ರೆ ನಾವ್ಯಾಕೆ ಕುಡೀಬಾರ್ದು?"

ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿದೆವು. ಆಮ್ಲ ಹಾಕಿ ಕಳಿಸಿದ ಎರಡನೇ ಮಾದರಿಯಲ್ಲಿ ಲೀಟರಿಗೆ 3 ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣ ಬಂತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಮಿತಿ ಮೊದಲು 0.3 ಮಿಲಿಗ್ರಾಂ ಇತ್ತು, 2015ರ ತಿದ್ದುಪಡಿಯಲ್ಲಿ 1 ಆಯಿತು. ಈ ಮಿತಿ ವಿಷದ ಹೆದರಿಕೆಯಿಂದ ಬಂದದ್ದಲ್ಲ, ಹೆಚ್ಚಾಗಿ ರುಚಿ ಮತ್ತು ಕಲೆಯ ಕಾರಣಕ್ಕೆ. ಹಾಗಾದರೆ ಔಷಧವೇ? ಸರ್ಕಾರ ಹೆಂಗಸರಿಗೆ ರಕ್ತಹೀನತೆಗೆ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಒಂದು ಮಾತ್ರೆಗೆ ಇವನ ನೀರು ಇಪ್ಪತ್ತು ಲೀಟರ್. ಅದೂ ಗಸಿಯಾಗುವ ಮೊದಲೇ ಕುಡಿಯಬೇಕು, ಮೇಲೆ ಕಾಫಿ ಟೀ ಕುಡಿಯಬಾರದು. ಒಗರು ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರಗೊಡುವುದಿಲ್ಲ. ಚಿಕ್ಕಮಗಳೂರಿನ ತೋಟಕ್ಕೆ ಬಂದ ಅತಿಥಿಗೆ ಕಾಫಿ ಕುಡಿಯಬೇಡಿ ಎನ್ನುವುದುಂಟೆ?

"ಮಿನರಲ್ ವಾಟರ್" ಎಂದು ಬಾಟಲಿ ಮಾಡಿ ಮಾರುವುದಂತೂ ಬೇರೆಯೇ ಲೋಕ. ಸಹಜ ಖನಿಜ ನೀರಿಗೆ ಐಎಸ್ 13428 ಎಂಬ ಪ್ರತ್ಯೇಕ ಮಾನದಂಡವಿದೆ. ಮೂಲ ಶುದ್ಧವಾಗಿ, ರಕ್ಷಿತವಾಗಿ ಇರಬೇಕು, ನೀರನ್ನು ಮೂಲದ ಹತ್ತಿರವೇ ತುಂಬಬೇಕು. ಆ "ರಕ್ಷಿತ" ಎಂಬ ಮಾತು ಬಂದಾಗ ನಾನು ಸುಮ್ಮನೆ ತಲೆ ಎತ್ತಿ ಗುಡ್ಡದ ಕಡೆ ನೋಡಿದೆ. ಅಬ್ಬಿಗಿಂತ ಮೇಲೆ, ನೋಟ ಚೆನ್ನಾಗಿದೆ ಎಂದು, ಎರಡು ಹೊಸ ಕಾಟೇಜು ಏಳುತ್ತಿದ್ದವು. ಒಂದರಲ್ಲಿ ಡಿಸೆಂಬರಿನಿಂದಲೇ ಜನ ಇದ್ದರು.

"ಶೌಚದ ಗುಂಡಿ ಎಲ್ಲಿ ತೆಗೆದಿದ್ದೀಯ?"

ಅವನು ಬೆರಳು ತೋರಿಸಿದ. ಅಬ್ಬಿಯ ನೇರ ಮೇಲೆ, ಎಸೆದ ಕಲ್ಲು ಬೀಳುವಷ್ಟು ದೂರ.

ಇಷ್ಟು ಹೊತ್ತು ನಾವು ನೋಡುತ್ತಿದ್ದದ್ದು ಬಣ್ಣವನ್ನು. ಬಣ್ಣ ಯಾರನ್ನೂ ಕೊಲ್ಲುವುದಿಲ್ಲ. ಹಳ್ಳಿಗಳಲ್ಲಿ ನೀರು ಪರೀಕ್ಷೆಗೆ ಬಳಸುವ ಸಣ್ಣ ಸೀಸೆ ನನ್ನ ಚೀಲದಲ್ಲಿತ್ತು. ನೀರು ತುಂಬಿ ಬೆಚ್ಚಗೆ ಇಟ್ಟರೆ, ಕರುಳಿನ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಈ ಸೀಸೆ ಕೊನೆಯ ತೀರ್ಪಲ್ಲ, ಗಂಟೆ ಬಾರಿಸುತ್ತದೆ ಅಷ್ಟೆ. ಮರುದಿನ ಸಂಜೆ ಅವನದೇ ಫೋನು ಬಂತು: "ಕರ್‍ರಗಾಗಿದೆ ಸಾರ್." ಲ್ಯಾಬಿನ ಕೋಲಿಫಾರ್ಮ್ ಪರೀಕ್ಷೆಯೂ ಅದನ್ನೇ ಹೇಳಿತು. ಬೆಳಿಗ್ಗೆ ಒಂದು ಲೋಟ ಎಂಬ ಯೋಜನೆ ಅಲ್ಲಿಗೆ ಸತ್ತಿತು. ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲವೇ ಎಂದು ಕೇಳಿದ್ದಕ್ಕೆ, "ಒಂದಿಬ್ರು ಹೇಳಿದ್ರು, ನಾವು ಘಾಟ್ ರಸ್ತೆ ತಿರುವಿಗೆ ಆಗಿರಬೇಕು ಅಂದ್ಕೊಂಡ್ವಿ" ಅಂದ.

ಪರಿಹಾರದ ಭಾಗ ಚಿಕ್ಕದು. ಕಬ್ಬಿಣ ತೆಗೆಯುವ ಯಂತ್ರ ಮಾರುವವನೊಬ್ಬ ಬೆಂಗಳೂರಿನಿಂದ ಬಂದು ದೊಡ್ಡ ಮೊತ್ತ ಹೇಳಿಹೋಗಿದ್ದ, ಅದು ಬೇಡವೆಂದೆ. ಮೊದಲು ಮೇಲಿನ ಕಾಟೇಜು ಖಾಲಿಯಾಯಿತು, ಗುಂಡಿ ಅಬ್ಬಿಗಿಂತ ಕೆಳಗೆ, ಬೇರೆ ಪಕ್ಕಕ್ಕೆ ಹೋಯಿತು. ರಿಂಗಿನ ಸ್ಲ್ಯಾಬ್ ಉಳಿಸಿಕೊಂಡೆವು, ಎಲೆ ಕಸ ದನ ಸೇರದಿರಲು ಅದು ಒಳ್ಳೆಯದೇ. ಅಲ್ಲಿಂದ ಹೊರಟ ನೀರನ್ನು ಪೈಪಿಗೆ ಕೊಡುವ ಬದಲು ಕಲ್ಲಿನ ಮೆಟ್ಟಿಲುಗಳ ಮೇಲೆ ಇಳಿಸಿ, ಜಲ್ಲಿ ತುಂಬಿದ ಉದ್ದ ಕಾಲುವೆಯಲ್ಲಿ ಹರಿಸಿ, ಹಳೆಯ ಕಲ್ಲುಮರಿಗೆಯಲ್ಲಿ ತಂಗಿಸಿ, ಮರಳಿನ ತೊಟ್ಟಿ ದಾಟಿಸಿ, ಆಮೇಲೆ ಪೈಪಿಗೆ. ಜಲ್ಲಿಗೆ ಅಜ್ಜ ಹಳೆಯ ದಂಬೆಯ ಕೆಂಪು ಲೋಳೆಯನ್ನು ಕೆರೆದು ಕಲಸಿದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇದಕ್ಕೆ ನಾನು ಯಾವ ಪುಸ್ತಕವನ್ನೂ ನೋಡಲಿಲ್ಲ. ಕುಡಿಯಲು ಮಾತ್ರ ಕುದಿಸಿದ ನೀರೇ, ಅತಿಥಿಗೂ ಮನೆಯವರಿಗೂ.

ಮೊದಲ ಮೂರು ವಾರ ನೀರು ಕೆಂಪಾಗೇ ಬಂತು. ಹುಡುಗ ದಿನಕ್ಕೊಂದು ಫೋನು ಮಾಡಿದ. ಒಂದು ತಿಂಗಳು ಎಂದು ಅಜ್ಜ ಹೇಳಿದ್ದಾರಲ್ಲ, ಕಾಯಿ ಎಂದೆ. ಒಳಗೊಳಗೆ ನನಗೂ ಅಳುಕಿತ್ತು. ಮಾರ್ಚ್ ಕೊನೆಗೆ ಅಡುಗೆಮನೆಯ ಲೋಟದಲ್ಲಿ ಅಳಲೆಪುಡಿ ಕಂದು ಕಂದಾಗೇ ಉಳಿಯಿತು, ಶಾಯಿಯಾಗಲಿಲ್ಲ.

ಬೋರ್ಡಿನ ವಿಷಯದಲ್ಲಿ ನಾವು ಪೂರ್ತಿ ಒಪ್ಪಲಿಲ್ಲ. ಔಷಧ, ಚಿಕಿತ್ಸೆ ಎಂಬ ಪದಗಳನ್ನು ಅವನು ಅಳಿಸಿದ. ಆದರೆ ಈಜುತೊಟ್ಟಿಗೆ ಮಾತ್ರ ಸೋಸದ ನೀರಿನ ಬೇರೆ ಪೈಪು ಉಳಿಸಿಕೊಂಡು, "ಕೆಮ್ಮಣ್ಣಿನ ನೀರು" ಎಂದು ಬರೆಸಿದ್ದಾನೆ. ಗುಂಡಿ ಬದಲಾದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಕೋಲಿಫಾರ್ಮ್ ಬಂದಿಲ್ಲ, ಬರೆದದ್ದು ಸುಳ್ಳೂ ಅಲ್ಲ. ಬಾಬಾಬುಡನ್ ಗಿರಿಯ ಮಾಣಿಕ್ಯಧಾರೆ ಜಲಪಾತದಲ್ಲಿ ತಲೆ ಒಡ್ಡಿ ನಿಲ್ಲುವವರನ್ನು ನಾನು ಯಾವತ್ತೂ ತಡೆದವನಲ್ಲ. ಇಲ್ಲಿ ತಡೆಯಲು ಯಾವ ಕಾರಣ ಕೊಡಲಿ? ಅತಿಥಿಗಳು ಕೆಂಪು ನೀರಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಳಿ ಟವೆಲ್ ಮಾತ್ರ ಅಲ್ಲಿಗೆ ಕೊಡುವುದಿಲ್ಲ.

ಜುಲೈಯಲ್ಲಿ ಮಳೆ ಜೋರಾದಾಗ ಮತ್ತೆ ಫೋನು ಬಂತು. ಮರಳಿನ ತೊಟ್ಟಿ ಕಟ್ಟಿಕೊಂಡಿದೆ, ನೀರು ಇಳಿಯುತ್ತಿಲ್ಲ. ಮೇಲಿನ ಎರಡಿಂಚು ಮರಳು ಕೆರೆದು ಹೊಸದು ಹಾಕು, ಜಲ್ಲಿಯನ್ನು ಮಾತ್ರ ಪೂರ್ತಿ ತೊಳೆಯಬೇಡ ಎಂದೆ.

"ಅಜ್ಜ ಆಗ್ಲೇ ಕೆರೀತಿದ್ದಾರೆ ಸಾರ್. ಅವರು ಕೇಳ್ತಿರೋದು ಬೇರೆ: ತಿಕ್ಕೋ ದಿನಕ್ಕೆ ಹಿಂದೆ ದೊಡ್ಡ ಯಜಮಾನ್ರು ಕೊಡ್ತಿದ್ದ ಒಂದು ದಿನದ ಜಾಸ್ತಿ ಕೂಲಿ, ದಂಬೆ ಹೋದ್ಮೇಲೆ ನಿಂತುಹೋಗಿತ್ತಂತೆ."

"ಕೊಟ್ಟೆಯಾ?"

"ಎರಡು ದಿನದ್ದು ಕೊಟ್ಟೆ."